ಸ್ಪೀಕರ್ ಬಿಚ್ಚಿಟ್ಟ ಹೆಸರು

“ಗಂಗವ್ವ” ಎಂದು ಅಂಗಡಿಯ ಸ್ಪೀಕರ್ ಪಿಸುಗುಟ್ಟಿತು. ನನ್ನ ಹೆಂಡತಿ ಥಟ್ಟನೆ ನನ್ನ ಅಕ್ಕನ ಕಡೆ ತಿರುಗಿದಳು. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ ನೆಲ ನೋಡತೊಡಗಿದಳು.

ಹಾವೇರಿಯಿಂದ ಬಂದಿದ್ದ ಅವಳನ್ನೂ ಕರೆದುಕೊಂಡು ಬ್ರೂಕ್‌ಫೀಲ್ಡಿನ ಆ ಅಂಗಡಿಗೆ ಹೋಗಿದ್ದೆವು. ಮನೆಯ ಹಳೆಯ ಸ್ಪೀಕರ್ ಇನ್ನೂ ಹಾಡುತ್ತಿರುವಾಗ ಅಷ್ಟು ದುಡ್ಡು ಸುರಿದು ಹೊಸದು ತರಬೇಕೇ ಎಂಬುದು ನಮ್ಮ ಗಂಡ-ಹೆಂಡಿರ ಒಂದು ವಾರದ ಜಗಳ. “ನಿಮಗೆ ಚೆನ್ನಾಗಿ ಗೊತ್ತಿರೋದನ್ನೇ ಹಾಕಿ ಸಾರ್, ವ್ಯತ್ಯಾಸ ಗೊತ್ತಾಗತ್ತೆ” ಎಂದರು ಅಂಗಡಿಯವರು. ನಾನು ಮೂರು ವರ್ಷದ ಹಿಂದಿನ, ಮಗಳ ನಾಮಕರಣದ ವಿಡಿಯೊ ಹಾಕಿದೆ.

ನಮ್ಮ ಕಡೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ. ಕೂಡಲೇ ಹೆಂಗಸರೆಲ್ಲ ನಗುತ್ತಾ ಅವಳ ಬೆನ್ನಿಗೆ ಗುದ್ದುತ್ತಾರೆ. ಮನೆಯಲ್ಲಿ ನೋಡುವಾಗ ಬರೀ ಆ ಗದ್ದಲವೇ ಕೇಳುತ್ತಿತ್ತು. ಇಲ್ಲಿ ಅಕ್ಕನ ಪಿಸುಮಾತೂ ಕೇಳಿಬಿಟ್ಟಿತು. ನಾವು ಅವಳಿಗೆ ಹೇಳಿಕೊಟ್ಟಿದ್ದ ಹೆಸರು ಆದ್ಯಾ. ಅವಳು ಉಸುರಿದ್ದು ತೀರಿಹೋದ ನಮ್ಮ ಅವ್ವನ ಹೆಸರು.

“ನಾ ಹೇಳಿದ್ದು ಕೂಸಿಗೆ, ನಿಮಗಲ್ಲ” ಎಂದಳು ಅಕ್ಕ. ಆಮೇಲೆ ನನ್ನತ್ತ ತಿರುಗಿ, “ಇದನ್ನ ಮನೀಗೆ ತರಬ್ಯಾಡೋ ತಮ್ಮಾ, ಇನ್ನೂ ಏನೇನ್ ಕೇಳಸ್ತದೋ!”

ನನ್ನ ಹೆಂಡತಿ ನಕ್ಕು, ಅಂಗಡಿಯಲ್ಲೇ ಅವಳ ಬೆನ್ನಿಗೆ ಇನ್ನೊಂದು ಗುದ್ದು ಕೊಟ್ಟಳು.

ಸ್ಪೀಕರ್ ತರಲಿಲ್ಲ. ಆ ಸಂಜೆ ಹೆಂಡತಿ ಅಡುಗೆಮನೆಯಿಂದ, “ಗಂಗವ್ವಾ, ಊಟಕ್ಕೆ ಬಾರೇ” ಎಂದು ಕೂಗಿದಳು. ನಮ್ಮ ಆದ್ಯಾ “ಬಂದೇ” ಎನ್ನುತ್ತಾ ಓಡಿಹೋದಳು. ಅವಳಿಗೆ ಆ ಹೆಸರು ನಮಗಿಂತ ಮೊದಲೇ ಗೊತ್ತಿತ್ತಲ್ಲ.