ನಿವ್ವಳ ಸಾಹೇಬರು
ಅಳತೆ ಮತ್ತು ತೂಕ ಇಲಾಖೆಯ ಈ ಇನ್ಸ್‌ಪೆಕ್ಟರರಿಗೆ ಅಂಗಡಿಬೀದಿಯವರು ಇಟ್ಟ ಹೆಸರು ನಿವ್ವಳ ಸಾಹೇಬರು. ಅಂಗಡಿಗೆ ಬಂದರೆ ನಮಸ್ಕಾರಕ್ಕೂ ಮೊದಲು ಬಿಸ್ಕತ್ತಿನ ಪೊಟ್ಟಣ ತಿರುಗಿಸಿ, ತೂಕ ಬರೆದ ಅಕ್ಷರ ಮಡಿಕೆಯಲ್ಲಿ ಅಡಗಿದೆಯೇ ಎಂದು ಹುಡುಕುತ್ತಾರೆ. "ಹೊದಿಕೆ ಬಿಟ್ಟು ಎಷ್ಟು?" ಎನ್ನುವುದೇ ಅವರ ಕುಶಲಪ್ರಶ್ನೆ. "ಸುಮಾರು ಅರ್ಧ ಕೆಜಿ ಸಾರ್" ಎಂದ ಅಂಗಡಿಯವನಿಗೆ, "ಸುಮಾರು ಅಂತ ಪೊಟ್ಟಣದ ಮೇಲೆ ಬರೆಯೋ ಹಾಗಿಲ್ಲ, ನಿನ್ನ ಬಾಯಲ್ಲೂ ಬೇಡ" ಎಂದವರು. ಉಬ್ಬಿದ ಚಿಪ್ಸ್ ಪ್ಯಾಕೆಟ್ಟು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. ಮನೆಯಲ್ಲೂ ಅದೇ ರಾಗ. ಹೊಸ ಸೋಪು ಬಚ್ಚಲಿಗೆ ಹೋಗಬೇಕಾದರೆ ಮೊದಲು ಕಾಗದ ಕಳಚಿ ತಕ್ಕಡಿ ಹತ್ತಬೇಕು. ಮೊಮ್ಮಗಳು ಹುಟ್ಟಿದಾಗ ಬೀಗರು ಸಂಭ್ರಮದಿಂದ ಕೂಸಿನ ತೂಕ ಹೇಳಿದರೆ, "ಬಟ್ಟೆ ತೂಕ ಕಳೆದಿದ್ದೀರಾ?" ಎಂದು ಕೇಳಿ ಅವರ ಮುಖ ಸಿಂಡರಿಸುವಂತೆ ಮಾಡಿದ್ದರು. "ಇವರನ್ನ ಬಿಟ್ರೆ ನನ್ನನ್ನೂ ತೂಗಿ ಬೆನ್ನಿಗೊಂದು ಚೀಟಿ ಅಂಟಿಸ್ತಾರೆ" ಎಂದು ಹೆಂಡತಿ ನಗುತ್ತಿದ್ದರು. ಈಗ ಆ ಹೆಂಡತಿಗೆ ಕಾಯಿಲೆ. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ತೂಕ ನೋಡುತ್ತಾರೆ, ಪ್ರತಿ ಸಲವೂ ಮುಳ್ಳು ಒಂದಿಷ್ಟು ಹಿಂದೆ ಸರಿದಿರುತ್ತದೆ. ಮೊನ್ನೆ ನರ್ಸು, "ಶಾಲು, ಚಪ್ಪಲಿ ತೆಗೆದು ನಿಂತ್ಕೊಳ್ಳಿ ಅಮ್ಮ" ಎಂದಳು. "ಇರಲಿ ಬಿಡಮ್ಮ, ಅವಳಿಗೆ ಚಳಿಯಾಗತ್ತೆ" ಎಂದ ಸಾಹೇಬರು ಶಾಲನ್ನು ಇನ್ನೊಂದು ಸುತ್ತು ಹೊದಿಸಿದರು. ತಾವು ಹಿಡಿದುಕೊಂಡಿದ್ದ ಹೆಂಡತಿಯ ಕೈಚೀಲವನ್ನೂ ಅವರ ಹೆಗಲಿಗೇ ಏರಿಸಿ, ಮುಳ್ಳಿನ ಕಡೆ ನೋಡದೆ ಕೇಳಿದರು: "ಈಗ ಹೇಳಮ್ಮ, ಸುಮಾರು ಎಷ್ಟಿದೆ?"