ಜಪಾನಿ ಒಡಪು

ಗೆಳೆಯರೇ, ಇವತ್ತು ಮಧ್ಯಾಹ್ನ ಮಹಾರಾಷ್ಟ್ರದ ಗಡಿಯ ಉಮರ್ಗಾದ ನಮ್ಮ ಮನೆಯಲ್ಲಿ ನಾದಿನಿಯ ಕುಬಸ, ಅಂದರೆ ಸೀಮಂತ, ಇತ್ತು. ನಾಳೆ ಪುಣೆಯಲ್ಲಿ ನನ್ನ ಜಪಾನಿ ಭಾಷೆಯ ಪರೀಕ್ಷೆ. ಅದು ಪಾಸಾಗದಿದ್ದರೆ, ಜಪಾನಿ ಸಿನಿಮಾದ ಗಂಡಹೆಂಡಿರ ಮಾತಿನ ಬಗ್ಗೆ ನಾನು ಮಾಡುತ್ತಿರುವ ಪಿಎಚ್‌.ಡಿ. ಅಲ್ಲಿಗೇ ನಿಲ್ಲುತ್ತದೆ.

ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಒಡಪು ಹೇಳುವ ಸರದಿ ನನಗೆ ಬಂತು. ಅತ್ತೆಯ ತಂಗಿ, ನಮ್ಮ ಸಣ್ಣತ್ತಿ, ಕೆಣಕಿದರು: "ಜಪಾನಿ ಒಡಪು ಹೇಳವಾ! ಬರಲಿಲ್ಲಂದ್ರ ಪರೀಕ್ಷಾ ಬಿಡು. ನಾಳಿ ಬೀಗರ ಊಟ ಅದ. ಈ ವಯಸ್ಸಿನ್ಯಾಗ ಇದೇನ್ ಹುಚ್ಚು?"

ಹುಚ್ಚೇ ಇರಬಹುದು ಎಂದು ಒಂದು ಕ್ಷಣ ನನಗೂ ಅನಿಸಿತು. ಆದರೂ ಎದ್ದು ನಿಂತು, ಪ್ರಾಸವಿಲ್ಲದೆ, "ಬಸವರಾಜ-ಸಾನ್" ಎಂದೆ.

ಸಣ್ಣತ್ತಿ ಗಲ್ಲಕ್ಕೆ ಕೈಹಚ್ಚಿದರು. "ಅಯ್ಯ! ಮರಾಠ್ಯಾಗ ಸಾನ್ ಅಂದ್ರ ಸಣ್ಣಾಂವ. ಗಂಡಗ ಸಣ್ಣಾಂವ ಅಂತಿ ಏನ?"

"ಇಲ್ಲರೀ, ಜಪಾನದಾಗ ಸಾನ್ ಅಂದ್ರ ನಮ್ಮ 'ರೀ' ಇದ್ದಂಗ, ಮರ್ಯಾದಿ ಮಾತು. ನಿಮಗೂ ಹಚ್ಚತೀನಿ ನೋಡ್ರಿ. ಸಣ್ಣತ್ತಿ-ಸಾನ್, ನಾ ನಾಳಿ ಪರೀಕ್ಷಾಕ್ಕ ಹೋಗಾಕಿನೇ."

ಹೆಂಗಸರೆಲ್ಲ ನಕ್ಕರು. ಸಣ್ಣತ್ತಿ ನಗಲಿಲ್ಲ.

ತಮಗೆ ಹಚ್ಚಿದ ಆ ಸಾನ್ ಜಪಾನಿಯದೋ ಮರಾಠಿಯದೋ ಎಂದು ಅವರು ಇನ್ನೂ ಯೋಚಿಸುತ್ತಿರಬೇಕು. ನಾನು ಪುಣೆಯ ಬಸ್ಸಿನಲ್ಲಿದ್ದೇನೆ. ನಿಜ ಹೇಳಬೇಕೆಂದರೆ, ಅದು ನನಗೂ ಖಚಿತವಿಲ್ಲ.