ಕುಂಕುಮದ ತಟ್ಟೆ ಹಿಡಿದು ವೋಟು ಕೇಳಿದ್ದು

ಅಪ್ಪ ಗುಬ್ಬಿಯ ಮುನಿಸಿಪಾಲಿಟಿಗೆ ನಿಂತಾಗ ನಾನು ತುಮಕೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದುಕೊಂಡು ಎಂಟನೇ ಕ್ಲಾಸು ಓದುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಸಿವಿಕ್ಸ್ ಸಿಸ್ಟರ್ ‘ಸೀಕ್ರೆಟ್ ಬ್ಯಾಲಟ್’ ಎನ್ನುವಾಗ ತುಟಿಯ ಮೇಲೆ ಬೆರಳಿಡುತ್ತಿದ್ದರು. ರಜೆಗೆ ಊರಿಗೆ ಬಂದು ನೋಡಿದರೆ ಸೀಕ್ರೆಟ್ ಎನ್ನುವುದೇ ಇರಲಿಲ್ಲ. ಯಾವ ಮನೆಯ ವೋಟು ಯಾರಿಗೆ ಎಂದು ಅಪ್ಪ ಜಗಲಿಯ ಮೇಲೆ ಕೂತೇ ಹೇಳುತ್ತಿದ್ದರು. ಯಜಮಾನ ತಲೆಯಾಡಿಸಿದರೆ ಆ ಮನೆಯ ಅಷ್ಟೂ ವೋಟು ಬಂದ ಹಾಗೆ.

ಅಪ್ಪನದು ಕೊಬ್ಬರಿ ಮಂಡಿ. ಕೌನ್ಸಿಲರ್ ಆಗುವ ಆಸೆ ಅವರಿಗೆ ಎಷ್ಟಿತ್ತೆಂದರೆ, ನಾಮಿನೇಷನ್‌ಗೆ ಮೊದಲೇ ಹೊಸ ಕೋಟು ಹೊಲಿಸಿಟ್ಟಿದ್ದರು. ಹೆಂಗಸರ ವೋಟಿಗೆ ದಾರಿ ತೋರಿಸಿದವಳು ಅಮ್ಮ.

“ಕುಣಿಗಲ್ಲಲ್ಲಿ ನಮ್ಮಣ್ಣ ಗೆದ್ದಿದ್ದು ಹೇಗೆ ಅಂದ್ಕೊಂಡ್ರಿ? ನಮ್ಮತ್ತಿಗೆ ಮನೆಮನೆಗೂ ಹೋಗಿ ಅರಿಶಿನ ಕುಂಕುಮ ಕೊಟ್ಟು ಬಂದ್ರು. ನಮ್ಮನೆ ಕುಂಕುಮ ತಗೊಂಡ ಕೈ ಬೇರೆಯೋರಿಗೆ ಮುದ್ರೆ ಒತ್ತುತ್ತಾ?”

ಹೀಗೆ ನಮ್ಮ ಕ್ಯಾನ್ವಾಸಿಂಗ್ ಶುರುವಾಯಿತು. ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡ ನನ್ನ ಕೈಗೆ ಬೆಳ್ಳಿ ತಟ್ಟೆ ಬಂತು. ಅಮ್ಮ ಕುಂಕುಮವಿಟ್ಟು, ಹೂವು ಕೊಟ್ಟು, “ತಕ್ಕಡಿ ಗುರುತು ಕಣ್ರೀ, ಮರೀಬೇಡಿ” ಎನ್ನುತ್ತಿದ್ದಳು. ಯಾವ ಮನೆಯಾದರೂ ಸರಿ, ನಾವು ಒಳಗೆ ಕಾಲಿಟ್ಟ ಕೂಡಲೇ ಅಲ್ಲಿನ ವಿಧವೆಯರು ತಾವಾಗಿಯೇ ಎದ್ದು ಒಳಕೋಣೆಗೆ ಹೋಗುತ್ತಿದ್ದರು. ಅದು ಎಷ್ಟು ಸಹಜವಾಗಿತ್ತೆಂದರೆ ಯಾರೂ ಗಮನಿಸುತ್ತಲೇ ಇರಲಿಲ್ಲ. ನಾನೂ ಗಮನಿಸಲಿಲ್ಲ.

ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ, ಅವರ ಸೊಸೆ ಇದ್ದರು. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಅಮ್ಮ ಆ ಬಾಗಿಲು ದಾಟಿ ಮುಂದೆ ಹೋದಳು.

“ಈ ಮನೆ ಬಿಟ್ಟುಬಿಟ್ಟೆಯಲ್ಲಮ್ಮಾ?”

“ಅಲ್ಲಿ ಯಾರಿದಾರೆ ಕುಂಕುಮ ಇಟ್ಕೊಳ್ಳೋಕೆ? ನಡಿ, ನಡಿ.”

ವಾಪಸ್ಸು ಬರುವಾಗ ಅದೇ ಮನೆಯ ಜಗಲಿಯ ಮೇಲೆ ಅಪ್ಪನ ಎದುರಾಳಿ ಕೂತಿದ್ದರು. ರಿಟೈರಾದ ಮೇಷ್ಟ್ರು. ಕೊಡೆಯನ್ನು ಮಂಡಿಯ ಮೇಲಿಟ್ಟುಕೊಂಡು, “ನಿಮ್ಮದೂ ಒಂದು ವೋಟಿದೆ ಕಣಮ್ಮ. ಮನಸ್ಸಿದ್ರೆ ದೀಪದ ಗುರುತಿಗೆ ಹಾಕಿ” ಎನ್ನುತ್ತಿದ್ದರು. ಅಜ್ಜಿ ಕೈಮುಗಿದುಕೊಂಡು ಕೇಳುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅಪ್ಪ ಜೋರಾಗಿ ನಕ್ಕರು.

“ಪಾಪ, ಮೇಷ್ಟ್ರಿಗೆ ಬೇರೆ ಯಾರೂ ಸಿಕ್ಕಲಿಲ್ಲ ಅಂತ ಕಾಣುತ್ತೆ!”

ಅತ್ತೆ ಆಗ ನಮಗೆಲ್ಲ ಸಾರು ಬಡಿಸುತ್ತಿದ್ದರು. ಅತ್ತೆ ಎಂದರೆ ಅಪ್ಪನ ಸ್ವಂತ ಅಕ್ಕ. ಇಪ್ಪತ್ತು ತುಂಬುವ ಮೊದಲೇ ವಿಧವೆಯಾಗಿ ತವರಿಗೆ ಬಂದವರು. ನಮ್ಮ ಮನೆಯ ಒಲೆ ಅವರದೇ. ಅಪ್ಪ ನಾಮಿನೇಷನ್‌ಗೆ ಹೊರಟಾಗ, ಎದುರಿಗೆ ಬರಬಾರದೆಂದು ಅವರು ಹಿತ್ತಿಲಿಗೆ ಹೋಗಿ ನಿಂತಿದ್ದರು. ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಪೋಲಿಂಗ್ ದಿನ ಬೆಳಿಗ್ಗೆ ಬೀದಿಯ ಮುತ್ತೈದೆಯರೆಲ್ಲ ಅಮ್ಮನ ಜೊತೆ ಜಟಕಾದಲ್ಲಿ ಹೋಗಿಬಂದರು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅತ್ತೆ ಒಲೆ ಸಾರಿಸಿ, ತಲೆಯ ಮೇಲೆ ಸೆರಗು ಹೊದ್ದು ಒಬ್ಬರೇ ನಡೆದು ಹೋದರು. ವಾಪಸ್ಸು ಬಂದಾಗ ಅವರ ಬೆರಳಿನ ಮೇಲೆ ಶಾಯಿ ಇತ್ತು. ಅದಕ್ಕೆ ಹುಣಸೆಹಣ್ಣು ತಿಕ್ಕಿ ನೋಡಿದರು. ಹೋಗಲಿಲ್ಲ. ಹಾಗೇ ಸಂಜೆಯ ಅಡುಗೆಗೆ ಕೂತರು.

ಅಪ್ಪ ಸೋತರು. ಬೆರಳಲ್ಲಿ ಎಣಿಸುವಷ್ಟು ವೋಟಿನಲ್ಲಿ.

ಕೋಟು ಗೂಟದ ಮೇಲೇ ಇತ್ತು. ಅಪ್ಪ ನಡುಮನೆಯಲ್ಲಿ ಕೂತು, “ಕುಂಕುಮ ತಗೊಂಡು ಕೈಕೊಟ್ರಲ್ಲ! ನಮ್ಮನೆ ವೋಟು ಬಿಟ್ರೆ ಯಾವುದನ್ನೂ ನಂಬೋ ಹಾಗಿಲ್ಲ” ಎಂದರು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. “ನಮ್ಮನೆ ವೋಟು ಅಂದ್ರೆ ಯಾರ‍್ದೋ?”

ಅಪ್ಪ ತಿರುಗಿದರು. “ಯಾಕಕ್ಕಾ? ನೀನು ಯಾರಿಗೆ ಹಾಕ್ದೆ?”

“ಈಗ ಕೇಳ್ತೀಯಲ್ಲೋ. ಮುಂಚೆ ಕೇಳ್ಬೇಕಿತ್ತು.”

ಅಮ್ಮ ನನ್ನ ಮುಖ ನೋಡಿದಳು. ನಾನು ಸಿವಿಕ್ಸ್ ಸಿಸ್ಟರನ್ನು ನೆನೆದು ತುಟಿಯ ಮೇಲೆ ಬೆರಳಿಟ್ಟೆ. ಅಪ್ಪ ಮತ್ತೆ ಕೇಳಲಿಲ್ಲ, ಅತ್ತೆ ಹೇಳಲೂ ಇಲ್ಲ. ಅವರು ತಕ್ಕಡಿಗೇ ಹಾಕಿದ್ದಿರಬಹುದು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ತಮ್ಮನ ಮೇಲೆ ಅಷ್ಟು ಪ್ರಾಣ. ಗೊತ್ತಿಲ್ಲ.

ಮುಂದಿನ ಎಲೆಕ್ಷನ್ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಅಪ್ಪನಿಗೆ ಬಿಗಿಯಾಗಿದ್ದ ಅದೇ ಕೋಟಿನ ಗುಂಡಿಗಳನ್ನು ಸರಿಸಿ ಹೊಲಿಸಿದ್ದರು. ನಾಮಿನೇಷನ್‌ಗೆ ಹೊರಡುವ ಮೊದಲು ಅಪ್ಪ ಅಡುಗೆಮನೆಯ ಹೊಸ್ತಿಲ ಹೊರಗೆ ಬಂದು ನಿಂತರು. ಅತ್ತೆ ಹಿತ್ತಿಲಿಗೆ ಹೋಗಲು ಏಳುತ್ತಿದ್ದರು.

“ಕೂತ್ಕೋ ಅಕ್ಕಾ. ಈ ಸಲವೂ ನಿಂತ್ಕೋತಾ ಇದೀನಿ. ನಿನ್ನ ವೋಟು ಕೇಳೋಣ ಅಂತ ಬಂದೆ.”

ಅತ್ತೆ ಮತ್ತೆ ಮಣೆಯ ಮೇಲೆ ಕೂತರು. ಕಾವಲಿಯ ಮೇಲಿದ್ದ ರೊಟ್ಟಿಯನ್ನು ಮಗುಚಿದರು.

“ಏನು ಗುರುತು?” ಎಂದರು.